ಕೊರಿಯಾ ಹೊತ್ತಿಕೊಂಡ ಆ ಭಾನುವಾರ: ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಬೆನಗಲ್ ರಾಯರು

ವಾಲ್ಪಾರೈ: ಕೊರಿಯಾ ಎಂದರೆ ಇಂದಿನ ಹುಡುಗರಿಗೆ ನೆನಪಾಗುವುದು ಶ್ರೀಪೆರುಂಬುದೂರಿನ ಹ್ಯುಂಡೈ ಕಾರು ಕಾರ್ಖಾನೆ, ಕೈಯಲ್ಲಿರುವ ಸ್ಯಾಮ್‌ಸಂಗ್ ಫೋನು, ರಾತ್ರಿಯಿಡೀ ನೋಡುವ ಧಾರಾವಾಹಿಗಳು. ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿತು ಎಂಬ ಸುದ್ದಿ ಆಗಾಗ ಟಿವಿಯಲ್ಲಿ ಬಂದು ಹೋಗುತ್ತದೆ. ಒಂದೇ ಭಾಷೆ ಆಡುವ ಒಂದೇ ಜನ ಎರಡು ದೇಶವಾಗಿ, ನಡುವೆ ಮುಳ್ಳುತಂತಿ ಹಾಕಿಕೊಂಡು ಏಳು ದಶಕಗಳಿಗೂ ಹೆಚ್ಚು ಕಾಲದಿಂದ ಕುಳಿತಿದ್ದಾರೆ. ಆ ಜಗಳ ಯುದ್ಧವಾಗಿ ಸಿಡಿದ ದಿನ ಅದನ್ನು ಬಿಡಿಸಲು ಸೇರಿದ ಪಂಚಾಯ್ತಿಯ ತಲೆಯಾಗಿದ್ದವರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಒಬ್ಬ ಕರಾವಳಿಗ ಎಂಬುದು ಎಷ್ಟು ಮಂದಿಗೆ ಗೊತ್ತು?

ಅವರು ಸರ್ ಬೆನಗಲ್ ನರಸಿಂಗ ರಾವ್. ಬಿ.ಎನ್. ರಾವ್ ಎಂದರೆ ಸಂವಿಧಾನದ ಕರಡು ಬರೆದವರು ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಅದು ನಿಜವೇ. ಆದರೆ ಸಂವಿಧಾನದ ಕೆಲಸ ಮುಗಿಯುತ್ತಿದ್ದಂತೆ ಅವರು ಹೊತ್ತ ಇನ್ನೊಂದು ಹೊರೆಯನ್ನು, ಅಂದರೆ ಪೂರ್ವ ಏಷ್ಯಾದ ಯುದ್ಧವನ್ನು ನಿಲ್ಲಿಸುವ ಹೊಣೆಯನ್ನು, ನಮ್ಮ ಕಡೆಯವರೇ ಮರೆತಿದ್ದಾರೆ.

ಗಡಿ ಎಂದರೇನು ಎಂದು ಆನೈಮಲೈ ಬೆಟ್ಟದ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಶೋಲಯಾರ್ ದಾರಿ ಹಿಡಿದು ಮಲಕ್ಕಪ್ಪಾರ ದಾಟಿದರೆ ಕೇರಳ. ಟೀ ಗಿಡ ಅದೇ, ಮಳೆ ಅದೇ, ಸರ್ಕಾರ ಮಾತ್ರ ಬೇರೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು, ಕಾಸರಗೋಡು ಕೇರಳಕ್ಕೆ ಸೇರಿತು. ಮನೆಯಲ್ಲಿ ಒಂದು ಭಾಷೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಎಂಬ ಬದುಕು ಆಗಿನಿಂದ ನಡೆದು ಬಂದಿದೆ. ಆದರೂ ಈ ಗೆರೆಗಳನ್ನು ಬಸ್ಸು ಹತ್ತಿ ದಾಟಬಹುದು. ಕೊರಿಯಾದ ಗೆರೆಯ ಕತೆ ಹಾಗಲ್ಲ.

ಅರ್ಧ ಗಂಟೆಯ ಗೆರೆ

1910ರಿಂದ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋತು ಶರಣಾಗುವ ಹೊತ್ತಿಗೆ ಉತ್ತರದಿಂದ ರಷ್ಯಾದ ಸೇನೆ ಒಳಗೆ ಬರುತ್ತಿತ್ತು. ಶರಣಾಗುವ ಜಪಾನಿ ಸೈನಿಕರನ್ನು ಎಲ್ಲಿಯವರೆಗೆ ರಷ್ಯಾ ನೋಡಿಕೊಳ್ಳಬೇಕು, ಎಲ್ಲಿಂದ ಅಮೆರಿಕ ನೋಡಿಕೊಳ್ಳಬೇಕು ಎಂದು ತೀರ್ಮಾನಿಸುವ ಕೆಲಸ ವಾಷಿಂಗ್ಟನ್ನಿನಲ್ಲಿ ಇಬ್ಬರು ಸೇನಾಧಿಕಾರಿಗಳ ಪಾಲಿಗೆ ಬಂತು. ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಆ ಇಬ್ಬರ ಕೈಯಲ್ಲಿದ್ದುದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಒಂದು ನಕ್ಷೆ, ಮತ್ತು ಸುಮಾರು ಅರ್ಧ ಗಂಟೆ ಸಮಯ. 38ನೇ ಅಕ್ಷಾಂಶ ರೇಖೆ ಕಣ್ಣಿಗೆ ಬಿತ್ತು, ಅದೇ ಗಡಿಯಾಯಿತು. ಬೆಟ್ಟ, ಹೊಳೆ, ಊರು, ಹೊಲ ಯಾವುದನ್ನೂ ನೋಡದೆ ನೇರವಾಗಿ ಹಾದುಹೋಗುವ ಗೆರೆ ಅದು.

ತಾತ್ಕಾಲಿಕ ಎಂದುಕೊಂಡ ಗೆರೆ ಗಟ್ಟಿಯಾಯಿತು. ಇಡೀ ಕೊರಿಯಾಕ್ಕೆ ಒಂದೇ ಚುನಾವಣೆ ನಡೆಸಲು ವಿಶ್ವಸಂಸ್ಥೆ ಕಳುಹಿಸಿದ ಆಯೋಗಕ್ಕೆ 1948ರಲ್ಲಿ ಅಧ್ಯಕ್ಷರಾಗಿದ್ದವರು ಕೇರಳ ಮೂಲದ ಕೆ.ಪಿ.ಎಸ್. ಮೆನನ್. ಉತ್ತರದವರು ಆಯೋಗವನ್ನು ಒಳಗೆ ಬಿಡಲಿಲ್ಲ. ದಕ್ಷಿಣದಲ್ಲಷ್ಟೇ ಚುನಾವಣೆ ನಡೆದು ಸಿಂಗ್‌ಮನ್ ರೀ ಅಧ್ಯಕ್ಷರಾದರು. ಉತ್ತರದಲ್ಲಿ ಕಿಮ್ ಇಲ್ ಸುಂಗ್ ಸರ್ಕಾರ ಬಂತು. ಇಬ್ಬರೂ ಇಡೀ ದೇಶ ತಮ್ಮದೇ ಎನ್ನುತ್ತಿದ್ದರು.

ನದಿ ಜಗಳದಿಂದ ನ್ಯೂಯಾರ್ಕಿಗೆ

ಬಿ.ಎನ್. ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು. ಮನೆಮಾತು ಕೊಂಕಣಿ, ಊರ ಮಾತು ಕನ್ನಡ ಮತ್ತು ತುಳು. ಅಂದಿನ ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡನ್ನೂ ಸೇರಿಸಿಕೊಂಡು, ಕೊಯಮತ್ತೂರಿನಂತೆಯೇ ಮದ್ರಾಸ್ ಪ್ರಾಂತ್ಯದ ಭಾಗವಾಗಿತ್ತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, ಅಲ್ಲಿಂದ ಐಸಿಎಸ್, ನೌಕರಿ ಬಂಗಾಳದಲ್ಲಿ. ಮುಂದೆ ಕಲ್ಕತ್ತಾ ಹೈಕೋರ್ಟ್ ನ್ಯಾಯಾಧೀಶರಾದರು. 1944-45ರಲ್ಲಿ ಜಮ್ಮು-ಕಾಶ್ಮೀರ ಸಂಸ್ಥಾನದ ಪ್ರಧಾನಿಯೂ ಆಗಿದ್ದರು. 1946ರಿಂದ ಸಂವಿಧಾನ ಸಭೆಯ ಸಲಹೆಗಾರರು. ಒಡಹುಟ್ಟಿದವರೂ ಕಡಿಮೆಯವರಲ್ಲ. ಬಿ. ರಾಮರಾವ್ ಸ್ವಾತಂತ್ರ್ಯದ ಹೊತ್ತಿಗೆ ಜಪಾನಿನಲ್ಲಿ ಭಾರತದ ಪ್ರತಿನಿಧಿಯಾಗಿದ್ದು, ಆಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಆದರು. ಬಿ. ಶಿವರಾವ್ ಹೆಸರಾಂತ ಪತ್ರಕರ್ತರು, ಸಂಸದರು.

ಇಷ್ಟೆಲ್ಲ ಹುದ್ದೆಗಳ ನಡುವೆ ಈ ಕತೆಗೆ ಬೇಕಾದದ್ದು ಒಂದು. 1941ರಲ್ಲಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳ ನಡುವೆ ಸಿಂಧೂ ನದಿಯ ನೀರಿಗಾಗಿ ಜಗಳ ಎದ್ದಾಗ ಅದರ ವಿಚಾರಣೆಗೆ ನೇಮಕವಾದ ಆಯೋಗಕ್ಕೆ ಇವರೇ ಅಧ್ಯಕ್ಷರು. ಮೇಲಿನವನು ನೀರು ಕಟ್ಟಿದರೆ ಕೆಳಗಿನವನ ಗದ್ದೆ ಒಣಗುತ್ತದೆ ಎಂಬ ತಕರಾರು. ಪರಂಬಿಕುಳಂ-ಆಳಿಯಾರ್ ನೀರಿನ ಲೆಕ್ಕ, ಶೋಲಯಾರಿನಲ್ಲಿ ಕೇರಳಕ್ಕೆ ವರ್ಷಕ್ಕೆ 12.3 ಟಿಎಂಸಿ ಬಿಡಬೇಕೆಂಬ 1970ರ ಒಪ್ಪಂದದ ಮಾತು ಕೇಳಿ ಬೆಳೆದವರಿಗೆ ಇದು ಹೊಸ ವಿಷಯವಲ್ಲ. ರಾಯರ ಆಯೋಗ 1942ರಲ್ಲಿ ಕೊಟ್ಟ ವರದಿಯ ತಿರುಳು ಇಷ್ಟು: ಇಂಥ ಜಗಳಕ್ಕೆ ಇಬ್ಬರೂ ಕೂತು ಮಾಡಿಕೊಳ್ಳುವ ಒಪ್ಪಂದವೇ ಎಲ್ಲಕ್ಕಿಂತ ಒಳ್ಳೆಯದು, ಅದಾಗದಿದ್ದರೆ ನ್ಯಾಯವಾದ ಪಾಲು ಹಂಚಬೇಕು. ಎರಡೂ ಪ್ರಾಂತ್ಯಗಳು ವರದಿಯನ್ನು ಒಪ್ಪಲಿಲ್ಲ. ಆದರೆ ನ್ಯಾಯವಾದ ಪಾಲು ಎಂಬ ಆ ತತ್ವ ಮಾತ್ರ ಮುಂದಿನ ನದಿ ವಿವಾದಗಳಲ್ಲೆಲ್ಲ ಮತ್ತೆ ಮತ್ತೆ ಎದ್ದು ಬಂತು.

ರಾಯರ ರೀತಿಯೇ ಅದು. ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದಲ್ಲ, ಇಬ್ಬರೂ ಸಹಿ ಹಾಕಬಹುದಾದ ಮಾತನ್ನು ಹುಡುಕುವುದು. ಅದೇ ರೀತಿಯನ್ನು ಹಿಡಿದುಕೊಂಡು ಅವರು 1949ರಲ್ಲಿ ವಿಶ್ವಸಂಸ್ಥೆಗೆ ಭಾರತದ ಕಾಯಂ ಪ್ರತಿನಿಧಿಯಾಗಿ ಹೋದರು.

1950ರ ಜೂನ್ 25

ಭಾರತ 1950 ಮತ್ತು 1951ಕ್ಕೆ ಭದ್ರತಾ ಮಂಡಳಿಯ ಕಾಯಂ ಅಲ್ಲದ ಸದಸ್ಯನಾಗಿ ಆಯ್ಕೆಯಾಗಿತ್ತು. ಮಂಡಳಿಯ ಅಧ್ಯಕ್ಷ ಸ್ಥಾನ ತಿಂಗಳಿಗೊಬ್ಬರಂತೆ, ಇಂಗ್ಲಿಷ್ ಅಕ್ಷರಮಾಲೆಯ ಸರದಿಯಲ್ಲಿ ತಿರುಗುತ್ತದೆ. 1950ರ ಜೂನ್ ಭಾರತದ ಪಾಳಿ. ತಿಂಗಳು ಮುಗಿಯಲು ಇನ್ನು ಐದಾರು ದಿನ ಇತ್ತು.

ಕೊರಿಯಾದಲ್ಲಿ ಜೂನ್ 25ರ ಭಾನುವಾರ ಬೆಳಗಿನ ಜಾವ ಉತ್ತರದ ಸೇನೆ ಟ್ಯಾಂಕುಗಳೊಂದಿಗೆ 38ನೇ ರೇಖೆ ದಾಟಿತು. ಅದೇ ಭಾನುವಾರ ಮಧ್ಯಾಹ್ನ ನ್ಯೂಯಾರ್ಕ್ ಹೊರವಲಯದ ಲೇಕ್ ಸಕ್ಸೆಸ್‌ನಲ್ಲಿ ಭದ್ರತಾ ಮಂಡಳಿ ತುರ್ತಾಗಿ ಸೇರಿತು. ವಿಶ್ವಸಂಸ್ಥೆಗೆ ಆಗ ಸ್ವಂತ ಕಟ್ಟಡವಿರಲಿಲ್ಲ. ಒಂದು ಗೈರೋಸ್ಕೋಪ್ ಕಾರ್ಖಾನೆಯ ಜಾಗದಲ್ಲಿ ಕೆಲಸ ನಡೆಯುತ್ತಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ 63 ವರ್ಷದ ಬೆನಗಲ್ ರಾಯರು. ರಷ್ಯಾದ ಕುರ್ಚಿ ಖಾಲಿ. ಚೀನಾದ ಸ್ಥಾನವನ್ನು ಮಾವೋ ಸರ್ಕಾರಕ್ಕೆ ಕೊಡದೆ ತೈವಾನಿಗೆ ಓಡಿಹೋದ ಚಿಯಾಂಗ್ ಕೈ ಶೇಕ್ ಸರ್ಕಾರಕ್ಕೇ ಉಳಿಸಿದ್ದಾರೆ ಎಂದು ರಷ್ಯಾ ಜನವರಿಯಿಂದ ಸಭೆ ಬಹಿಷ್ಕರಿಸಿತ್ತು. ಆ ಬಹಿಷ್ಕಾರ ಇಲ್ಲದಿದ್ದರೆ ಒಂದು ವೀಟೋದಲ್ಲಿ ಎಲ್ಲ ಮುಗಿಯುತ್ತಿತ್ತು.

ಅಂದು ಬಂದ ನಿರ್ಣಯ ಸರಳ. ಶಾಂತಿಭಂಗವಾಗಿದೆ, ಕಾದಾಟ ನಿಲ್ಲಲಿ, ಉತ್ತರದ ಸೇನೆ ರೇಖೆಯ ಆಚೆಗೆ ಹೋಗಲಿ. ಒಂಬತ್ತು ಮತ ಪರ, ವಿರುದ್ಧ ಯಾರೂ ಇಲ್ಲ, ಯುಗೊಸ್ಲಾವಿಯ ತಟಸ್ಥ. ಭಾರತ ಪರವಾಗಿ ಮತ ಹಾಕಿತು. ಸೋಲ್‌ನಲ್ಲಿದ್ದ ವಿಶ್ವಸಂಸ್ಥೆಯ ಆಯೋಗದಲ್ಲಿ ಭಾರತದ ಪ್ರತಿನಿಧಿಯೂ ಇದ್ದರು. ದಾಳಿ ಮಾಡಿದ್ದು ಉತ್ತರ ಎಂದು ಆ ಆಯೋಗವೇ ಹೇಳುತ್ತಿದ್ದಾಗ ಕಣ್ಣು ಮುಚ್ಚಿಕೊಳ್ಳುವಂತಿರಲಿಲ್ಲ.

ನಿಜವಾದ ಇಕ್ಕಟ್ಟು ಬಂದದ್ದು ಎರಡು ದಿನದ ಮೇಲೆ. ಜೂನ್ 27ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ವಾಯುಪಡೆ, ನೌಕಾಪಡೆಗಳನ್ನು ದಕ್ಷಿಣ ಕೊರಿಯಾದ ನೆರವಿಗೆ ಕಳುಹಿಸಿರುವುದಾಗಿ ಪ್ರಕಟಿಸಿದರು. ಅದೇ ಉಸಿರಿನಲ್ಲಿ ಚೀನಾ ಮತ್ತು ತೈವಾನ್ ನಡುವೆ ಏಳನೇ ನೌಕಾಪಡೆಯನ್ನು ನಿಲ್ಲಿಸುವುದಾಗಿಯೂ ಹೇಳಿದರು. ದಾಳಿಯನ್ನು ಹಿಮ್ಮೆಟ್ಟಿಸಲು ಎಲ್ಲ ದೇಶಗಳೂ ನೆರವು ಕೊಡಬೇಕೆಂಬ ಎರಡನೇ ನಿರ್ಣಯ ಮಂಡಳಿಯ ಮುಂದೆ ಬಂತು. ರಾಯರ ಬಳಿ ದೆಹಲಿಯ ಸೂಚನೆ ಇರಲಿಲ್ಲ. ಟೆಲಿಗ್ರಾಮಿನ ಕಾಲ. ಸಭೆ ಗಂಟೆಗಟ್ಟಲೆ ಕಾದಿತು. ಕಡೆಗೆ ರಾತ್ರಿ ಮತಕ್ಕೆ ಹಾಕಿದಾಗ ಏಳು ಮತ ಪರ, ಯುಗೊಸ್ಲಾವಿಯದ ಒಂದು ವಿರುದ್ಧ. ಭಾರತ ಮತ್ತು ಈಜಿಪ್ಟ್ ಮತದಾನದಲ್ಲಿ ಭಾಗವಹಿಸಲೇ ಇಲ್ಲ. ತಾವೇ ನಡೆಸುತ್ತಿದ್ದ ಸಭೆಯಲ್ಲಿ ತಾವೇ ಮತ ಹಾಕಲಾಗದೆ ಕುಳಿತ ಅಧ್ಯಕ್ಷರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಜೂನ್ 29ರಂದು ನೆಹರೂ ಸರ್ಕಾರ ಆ ನಿರ್ಣಯವನ್ನೂ ಒಪ್ಪಿತು.

ಆದರೆ ಜುಲೈ 7ರಂದು, ಎಲ್ಲ ಪಡೆಗಳೂ ಅಮೆರಿಕದ ದಂಡನಾಯಕತ್ವದಲ್ಲಿ ವಿಶ್ವಸಂಸ್ಥೆಯ ಬಾವುಟ ಹಿಡಿದು ಹೋರಾಡಲಿ ಎಂಬ ನಿರ್ಣಯ ಬಂದಾಗ ಭಾರತ ತಟಸ್ಥವಾಯಿತು. ಸೈನಿಕರನ್ನು ಕಳುಹಿಸಲಿಲ್ಲ. ಕಳುಹಿಸಿದ್ದು ವೈದ್ಯರನ್ನು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ತುಕಡಿ 1950ರ ನವೆಂಬರ್‌ನಲ್ಲಿ ಕೊರಿಯಾ ತಲುಪಿ, ಮೂರು ವರ್ಷಕ್ಕೂ ಮೀರಿ ಅಲ್ಲಿದ್ದು ಸೈನಿಕರಿಗೂ ಊರಿನವರಿಗೂ ಚಿಕಿತ್ಸೆ ಮಾಡಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು.

ದಾಳಿ ತಪ್ಪು ಎಂದವರು ದಾಳಿ ತಡೆಯಲು ಬಂದೂಕು ಹಿಡಿಯಲಿಲ್ಲವೇಕೆ? ಇದು ಅಂದೂ ಕೇಳಿಬಂದ ಪ್ರಶ್ನೆ, ಇಂದೂ ಕೇಳಬಹುದಾದ ಪ್ರಶ್ನೆ. ಎರಡು ದೋಣಿಯಲ್ಲಿ ಕಾಲಿಟ್ಟವರು ಎಂದು ಅಮೆರಿಕದ ಪತ್ರಿಕೆಗಳು ಭಾರತವನ್ನು ಛೇಡಿಸಿದವು. ಮೊದಲ ಎರಡು ನಿರ್ಣಯ ಒಪ್ಪಿದ್ದಕ್ಕೆ ರಷ್ಯಾ ಕಡೆಯವರು ಸಿಡುಕಿದರು. ಭಾರತದ ವಾದ ಬೇರೆ ಇತ್ತು. ಕೊರಿಯಾದ ಬೆಂಕಿ ಚೀನಾಕ್ಕೆ ಹಬ್ಬಿದರೆ ಇಡೀ ಏಷ್ಯಾ ಸುಡುತ್ತದೆ, ಆ ಹೊತ್ತಿಗೆ ಎರಡೂ ಕಡೆ ಮಾತಾಡಬಲ್ಲ ಒಬ್ಬನಾದರೂ ಉಳಿದಿರಬೇಕು. ಸ್ವಾತಂತ್ರ್ಯ ಬಂದು ಮೂರು ವರ್ಷವೂ ತುಂಬದ, ಕಾಶ್ಮೀರದಲ್ಲಿ ಸೈನ್ಯ ನಿಲ್ಲಿಸಿಕೊಂಡಿದ್ದ ಬಡ ದೇಶಕ್ಕೆ ಬೇರೆ ಬಲವೂ ಇರಲಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಕೇಳದ ಎಚ್ಚರಿಕೆ

ಮುಂದಿನ ಆರು ತಿಂಗಳು ರಾಯರ ಬದುಕಿನ ಅತ್ಯಂತ ಕಷ್ಟದ ಕಾಲ ಎನ್ನಬಹುದು. ಆಗಸ್ಟ್ 14ರಂದು ಅವರೊಂದು ಸಲಹೆ ಇಟ್ಟರು. ದೊಡ್ಡಣ್ಣಂದಿರ ಜಗಳದಲ್ಲಿ ಮಂಡಳಿ ಕಟ್ಟಿಹೋಗಿದೆ, ಕಾಯಂ ಅಲ್ಲದ ಆರು ಸಣ್ಣ ಸದಸ್ಯ ದೇಶಗಳ ಸಮಿತಿ ಮಾಡಿ ಶಾಂತಿಯ ದಾರಿ ಹುಡುಕಲಿ ಎಂದು. ಸಲಹೆ ಸಲಹೆಯಾಗಿಯೇ ಉಳಿಯಿತು. ಸೆಪ್ಟೆಂಬರಿನಲ್ಲಿ ಚೀನಾದ ಸ್ಥಾನ ಬೀಜಿಂಗ್ ಸರ್ಕಾರಕ್ಕೆ ಹೋಗಲಿ ಎಂದು ಮಹಾಸಭೆಯಲ್ಲಿ ಮಂಡಿಸಿದ ಗೊತ್ತುವಳಿಯೂ ಸೋತಿತು. ಆ ಸ್ಥಾನ ಬೀಜಿಂಗಿಗೆ ಸಿಕ್ಕಿದ್ದು 1971ರಲ್ಲಿ.

ಇತ್ತ ಯುದ್ಧ ದಿಕ್ಕು ಬದಲಿಸಿತ್ತು. ಸೆಪ್ಟೆಂಬರ್ ಮಧ್ಯದಲ್ಲಿ ಜನರಲ್ ಮೆಕಾರ್ಥರ್ ಇಂಚೋನ್ ಬಂದರಿನಲ್ಲಿ ಸೈನ್ಯ ಇಳಿಸಿ ಉತ್ತರದವರನ್ನು ಓಡಿಸಿದರು. ಈಗ ಪ್ರಶ್ನೆ: 38ನೇ ರೇಖೆಯಲ್ಲಿ ನಿಲ್ಲಬೇಕೋ, ದಾಟಬೇಕೋ? ಅಕ್ಟೋಬರ್ 2ರ ನಡುರಾತ್ರಿ ಬೀಜಿಂಗಿನಲ್ಲಿ ಪ್ರಧಾನಿ ಚೌ ಎನ್ ಲಾಯ್ ಭಾರತದ ರಾಯಭಾರಿ ಸರ್ದಾರ್ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡರು. ದಕ್ಷಿಣ ಕೊರಿಯಾದವರು ಮಾತ್ರ ದಾಟಿದರೆ ಬೇರೆ, ಅಮೆರಿಕದ ಸೇನೆ ರೇಖೆ ದಾಟಿದರೆ ಚೀನಾ ಸುಮ್ಮನಿರದು ಎಂದರು. ಮಾತು ದೆಹಲಿ ಮೂಲಕ ವಾಷಿಂಗ್ಟನ್ ತಲುಪಿತು. ಪಣಿಕ್ಕರ್ ಚೀನಾದವರ ಮಾತನ್ನು ಒಪ್ಪಿಸುವವರು ಎಂಬ ಅನುಮಾನ ಅಲ್ಲಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಟೋಬರ್ 7ರಂದು ರೇಖೆ ದಾಟಲು ದಾರಿ ಮಾಡಿಕೊಡುವ ನಿರ್ಣಯವನ್ನು ಮಹಾಸಭೆ 47 ಮತಗಳಿಂದ ಒಪ್ಪಿತು. ರಾಯರು ತಟಸ್ಥರಾಗಿ ಉಳಿದರು.

ಎರಡು ವಾರ ಕಳೆಯುವುದರೊಳಗೆ ಚೀನಾದ ಸೈನಿಕರು ರಾತ್ರಿ ವೇಳೆ ಯಾಲು ನದಿ ದಾಟತೊಡಗಿದರು. ನವೆಂಬರ್ ಕೊನೆಯ ಹೊತ್ತಿಗೆ ವಿಶ್ವಸಂಸ್ಥೆಯ ಪಡೆಗಳು ಹಿಮದಲ್ಲಿ ಹಿಂದಕ್ಕೆ ಓಡಿ ಬರುತ್ತಿದ್ದವು. ಅಕ್ಟೋಬರ್ ಮೊದಲ ವಾರ ರೇಖೆಯಲ್ಲೇ ನಿಂತಿದ್ದರೆ ಮುಂದಿನ ಮೂರು ವರ್ಷದ ಸಾವುಗಳಲ್ಲಿ ಎಷ್ಟು ತಪ್ಪುತ್ತಿದ್ದವು ಎಂದು ಲೆಕ್ಕ ಹಾಕಿದವರು ಇಲ್ಲ. ಇಡೀ ಯುದ್ಧದಲ್ಲಿ ಸತ್ತವರು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಎಂಬುದು ಸಾಮಾನ್ಯ ಅಂದಾಜು. ಅವರಲ್ಲಿ ಬಹುಪಾಲು ಊರಿನ ಜನ.

ಡಿಸೆಂಬರ್ 12ರಂದು ರಾಯರು ಏಷ್ಯಾ ಮತ್ತು ಅರಬ್ ದೇಶಗಳು ಸೇರಿ 13 ರಾಷ್ಟ್ರಗಳ ಪರವಾಗಿ ಕದನವಿರಾಮದ ನಿರ್ಣಯ ತಂದರು. ಎರಡು ದಿನದಲ್ಲಿ ಮಹಾಸಭೆ 52 ಮತಗಳಿಂದ ಅದನ್ನು ಒಪ್ಪಿತು. ಕದನವಿರಾಮದ ಷರತ್ತು ಹುಡುಕಲು ಮೂವರ ತಂಡ: ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಭಾರತದ ಬಿ.ಎನ್. ರಾವ್. ಈ ಪಿಯರ್ಸನ್ ಅವರಿಗೆ ಆಮೇಲೆ 1957ರಲ್ಲಿ, ಸೂಯೆಜ್ ಬಿಕ್ಕಟ್ಟಿನ ಕೆಲಸಕ್ಕೆ, ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ತಂಡವು 1951ರ ಜನವರಿ 11ರಂದು ಇಟ್ಟ ಸೂತ್ರ ಸಿಂಧೂ ವರದಿಯನ್ನು ಬರೆದ ಕೈಯ ಗುರುತನ್ನು ತೋರಿಸುತ್ತದೆ. ಮೊದಲು ಕದನ ನಿಲ್ಲಲಿ. ನಿಂತ ಹೊತ್ತಿನಲ್ಲಿ ಮಾತು ನಡೆಯಲಿ. ಹೊರಗಿನ ಸೈನ್ಯಗಳು ಹಂತ ಹಂತವಾಗಿ ಕೊರಿಯಾ ಬಿಡಲಿ. ದೇಶ ಒಂದಾಗುವ ತನಕ ಆಡಳಿತಕ್ಕೊಂದು ಏರ್ಪಾಡು. ಆಮೇಲೆ ಅಮೆರಿಕ, ಬ್ರಿಟನ್, ರಷ್ಯಾ, ಚೀನಾ ಕೂತು ತೈವಾನ್ ಮತ್ತು ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನ ಸೇರಿದಂತೆ ಎಲ್ಲವನ್ನೂ ಚರ್ಚಿಸಲಿ. ಅಚ್ಚರಿಯೆಂದರೆ ಅಮೆರಿಕವೂ ಇದಕ್ಕೆ ಮತ ಹಾಕಿತು. ಚೀನಾ ಜನವರಿ 17ರಂದು ಉತ್ತರ ಕೊಟ್ಟಿತು. ಮೊದಲು ಮಾತು, ಆಮೇಲೆ ಕದನವಿರಾಮ ಎಂದಿತು. ಗೆಲ್ಲುತ್ತಿದ್ದವರು ಅವರು. ಸೋಲ್ ಅವರ ಕೈಯಲ್ಲಿತ್ತು. ನಿಲ್ಲಿಸುವ ಅವಸರ ಅವರಿಗೇನಿತ್ತು? ಈ ಲೆಕ್ಕವನ್ನು ದೆಹಲಿ ಸರಿಯಾಗಿ ಹಾಕಲಿಲ್ಲ ಎಂದೇ ಕಾಣುತ್ತದೆ.

ಅಮೆರಿಕ ಇದನ್ನು ನಿರಾಕರಣೆ ಎಂದು ತೀರ್ಮಾನಿಸಿತು. ರಾಯರು ಬಿಡಲಿಲ್ಲ. ಪಣಿಕ್ಕರ್ ಮೂಲಕ ಬೀಜಿಂಗಿನಿಂದ ಸ್ಪಷ್ಟನೆ ತರಿಸಿ, ಜನವರಿ 22ರಂದು ಸಮಿತಿಯ ಮುಂದೆ ಓದಿ, 48 ಗಂಟೆ ಕಾಲಾವಕಾಶ ಕೇಳಿ ಪಡೆದರು. ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದು ಅವರ ವಾದ. ಎರಡು ದಿನ ಸಿಕ್ಕಿತು, ಅಷ್ಟೇ. ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ನಿರ್ಣಯ 44 ಮತಗಳಿಂದ ಪಾಸಾಯಿತು. ವಿರುದ್ಧ ಬಿದ್ದ ಏಳು ಮತಗಳಲ್ಲಿ ಐದು ರಷ್ಯಾ ಬಣದವು, ಉಳಿದೆರಡು ಭಾರತ ಮತ್ತು ಬರ್ಮಾ. ಹಣೆಗೆ ಪಟ್ಟಿ ಹಚ್ಚಿದ ಮೇಲೆ ಆತ ಮಾತಿಗೆ ಬರುವುದಿಲ್ಲ ಎಂಬುದು ಭಾರತದ ನಿಲುವಾಗಿತ್ತು. ಕದನವಿರಾಮದ ಮಾತುಕತೆ ಕೇಸಾಂಗ್‌ನಲ್ಲಿ ಶುರುವಾದದ್ದು 1951ರ ಜುಲೈ 10ರಂದು. ಅಷ್ಟರಲ್ಲಿ ಎರಡೂ ಸೈನ್ಯ ಸುತ್ತಾಡಿ ಹೆಚ್ಚುಕಡಿಮೆ 38ನೇ ರೇಖೆಗೇ ಬಂದು ನಿಂತಿದ್ದವು.

1952ರಲ್ಲಿ ರಾಯರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಹೋದರು. ಅವರ ಕೈಯಿಂದ ಕೊರಿಯಾ ತಪ್ಪಿತು. ಆದರೆ ಅವರು ಕಾಪಾಡಿಕೊಂಡು ಬಂದ ನಡುವಿನ ಜಾಗಕ್ಕೆ ಬೆಲೆ ಬಂದದ್ದು ಆಮೇಲೆ.

ಡೇರೆಯೊಳಗಿನ 22 ಸಾವಿರ ಮಂದಿ

ಮಾತುಕತೆ ಎಲ್ಲ ವಿಷಯದಲ್ಲೂ ಮುಂದೆ ಹೋಗಿ ಒಂದೇ ಕಡೆ ಸಿಕ್ಕಿಹಾಕಿಕೊಂಡಿತು: ಯುದ್ಧಕೈದಿಗಳು. ಎಲ್ಲರನ್ನೂ ವಾಪಸ್ ಕಳುಹಿಸಿ ಎಂದು ಚೀನಾ ಮತ್ತು ಉತ್ತರ ಕೊರಿಯಾ. ಹೋಗಲು ಇಷ್ಟವಿಲ್ಲದವರನ್ನು ಕಳುಹಿಸುವುದಿಲ್ಲ ಎಂದು ಅಮೆರಿಕ. ಈ ಒಂದು ಮಾತಿಗಾಗಿ ಯುದ್ಧ ಮತ್ತೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಎಳೆಯಿತು. 1952ರ ಡಿಸೆಂಬರ್ 3ರಂದು ಮಲಬಾರಿನ ವಿ.ಕೆ. ಕೃಷ್ಣ ಮೆನನ್ ಮಂಡಿಸಿದ ಭಾರತದ ನಿರ್ಣಯವನ್ನು ಮಹಾಸಭೆ ಒಪ್ಪಿತು. ಹೋಗಲು ಒಪ್ಪದ ಕೈದಿಗಳನ್ನು ತಟಸ್ಥ ದೇಶಗಳ ಆಯೋಗದ ಕೈಗೆ ಕೊಡಬೇಕು, ಯಾರನ್ನೂ ಬಲವಂತ ಮಾಡಬಾರದು ಎಂಬುದು ಅದರ ಸಾರ. ಚೀನಾ ಮೊದಲು ಬೈದು ತಿರಸ್ಕರಿಸಿತು. ಸ್ಟಾಲಿನ್ ಸತ್ತ ಮೇಲೆ ಅದಕ್ಕೇ ಹತ್ತಿರವಾದ ಸೂತ್ರಕ್ಕೆ ಬಂತು. 1953ರ ಜುಲೈ 27ರಂದು ಪಾನ್‌ಮುಂಜೋಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು.

ಐದು ದೇಶಗಳ ಆ ಆಯೋಗದಲ್ಲಿ ಸ್ವೀಡನ್ ಮತ್ತು ಸ್ವಿಜರ್ಲೆಂಡ್ ಒಂದು ಕಡೆ, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಅಧ್ಯಕ್ಷನಾಗಿ ಭಾರತ. ಇಂಥ ಕುರ್ಚಿಗೆ ಇಬ್ಬರೂ ಒಪ್ಪುವ ಬೇರೆ ದೇಶ ಸಿಗಲಿಲ್ಲ. ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೂನೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿದ ಈ ಕೊಡವ ಅಧಿಕಾರಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಭಾರತದ ಬ್ರಿಗೇಡ್ ಒಂದನ್ನು ನಡೆಸಿದ್ದವರು. ಪೂರ್ವ ಏಷ್ಯಾ ಅವರಿಗೆ ಹೊಸದಾಗಿರಲಿಲ್ಲ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಕೈಕೆಳಗೆ ಸುಮಾರು ಆರು ಸಾವಿರ ಮಂದಿಯ ಭಾರತೀಯ ಉಸ್ತುವಾರಿ ಪಡೆ ಹೋಯಿತು.

ಹೋದ ದಿನದಿಂದಲೇ ಅವಮಾನ. ಭಾರತದ ಸೈನಿಕರು ತಮ್ಮ ನೆಲ ಮೆಟ್ಟಬಾರದು ಎಂದರು ಸಿಂಗ್‌ಮನ್ ರೀ. ಇಂಚೋನ್‌ನಲ್ಲಿ ಹಡಗಿನಿಂದ ಇಳಿದವರನ್ನು ಹೆಲಿಕಾಪ್ಟರ್‌ಗಳಲ್ಲಿ ತುಂಬಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಡೇರೆ ಹಾಕಿ ಆ ಜಾಗಕ್ಕೆ ಹಿಂದ್ ನಗರ ಎಂದು ಹೆಸರಿಟ್ಟರು.

ವಿಶ್ವಸಂಸ್ಥೆಯ ಕಡೆಯಿಂದ ಬಂದ ಕೈದಿಗಳು 22,604. ಅದರಲ್ಲಿ 14,704 ಮಂದಿ ಚೀನೀಯರು, 7,900 ಮಂದಿ ಕೊರಿಯನ್ನರು. ಆಚೆ ಕಡೆಯಿಂದ ಬಂದವರು 359, ಅವರಲ್ಲಿ 23 ಮಂದಿ ಅಮೆರಿಕನ್ನರು. ಊರಿಗೆ ಹೋಗುತ್ತೀಯಾ ಇಲ್ಲವಾ ಎಂದು ಕೇಳುವ ಸುಲಭದ ಕೆಲಸ ಇದಾಗಿರಲಿಲ್ಲ. ಡೇರೆಗಳ ಒಳಗೇ ಗುಂಪುಗಳಿದ್ದವು, ನಾಯಕರಿದ್ದರು. ಊರಿಗೆ ಹೋಗುತ್ತೇನೆ ಎಂದವನಿಗೆ ರಾತ್ರಿ ಏಟು ಬೀಳುತ್ತಿತ್ತು, ಕೊಲೆಗಳೂ ಆದವು. ಒಮ್ಮೆ ಕೈದಿಗಳು ಭಾರತದ ಒಬ್ಬ ಅಧಿಕಾರಿಯನ್ನೇ ಹಿಡಿದಿಟ್ಟುಕೊಂಡರು. ಥೋರಟ್ ಗುಂಡು ಹಾರಿಸಲು ಹೇಳದೆ ತಾವೇ ಆ ಗುಂಪಿನೊಳಗೆ ನಡೆದುಹೋಗಿ ಅವರನ್ನು ಬಿಡಿಸಿಕೊಂಡು ಬಂದರು.

ಮಾತುಕತೆ, ವಿವರಣೆಗಳಿಗೆ ಕೊಟ್ಟ ಸಮಯ ಮುಗಿದಾಗ ಸಾವಿರಾರು ಕೈದಿಗಳ ಬಳಿ ಯಾರೂ ಮಾತನಾಡಿಯೇ ಇರಲಿಲ್ಲ. ಉಳಿದವರ ಹಣೆಬರಹ ತೀರ್ಮಾನಿಸಬೇಕಾದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಬಿಟ್ಟುಬಿಡಿ ಎಂದು ಒಂದು ಕಡೆ, ಇಟ್ಟುಕೊಳ್ಳಿ ಎಂದು ಇನ್ನೊಂದು ಕಡೆ. ತಿಮ್ಮಯ್ಯ ಎರಡನ್ನೂ ಮಾಡಲಿಲ್ಲ. ಬಿಡುಗಡೆ ಮಾಡುವ ಅಧಿಕಾರ ನನಗಿಲ್ಲ, ಶಾಶ್ವತವಾಗಿ ಕೂಡಿಹಾಕುವ ಅಧಿಕಾರವೂ ಇಲ್ಲ, ಯಾರಿಂದ ಪಡೆದೆನೋ ಅವರಿಗೇ ಒಪ್ಪಿಸುತ್ತೇನೆ ಎಂಬುದು ಅವರ ನಿಲುವು. 1954ರ ಜನವರಿ 20ರಿಂದ ಕೈದಿಗಳನ್ನು ಹಿಂದಕ್ಕೆ ಒಪ್ಪಿಸಲಾಯಿತು. ವಿಶ್ವಸಂಸ್ಥೆಯ ಪಡೆ ತನ್ನ ಕಡೆ ಬಂದವರನ್ನು ಬಿಟ್ಟುಕಳುಹಿಸಿತು. ಚೀನೀಯರಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿ ತೈವಾನಿಗೆ ಹೋದರು. ಊರಿಗೆ ಮರಳಿದವರು ಆರುನೂರಕ್ಕೆ ಸ್ವಲ್ಪ ಹೆಚ್ಚು. ಎರಡೂ ಬಣ ಭಾರತವನ್ನು ದೂರಿದವು. ಯುದ್ಧ ಮಾತ್ರ ಮತ್ತೆ ಶುರುವಾಗಲಿಲ್ಲ.

ಇನ್ನೂ 88 ಮಂದಿ ಇದ್ದರು. ಅವರಿಗೆ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ಬೇಡ, ತೈವಾನೂ ಬೇಡ. 76 ಕೊರಿಯನ್ನರು ಮತ್ತು 12 ಚೀನೀಯರ ಈ ಗುಂಪು ಭಾರತದ ಸೈನಿಕರ ಜತೆಗೇ ಹಡಗು ಹತ್ತಿ 1954ರ ಫೆಬ್ರವರಿಯಲ್ಲಿ ಮದ್ರಾಸ್ ಬಂದರಿನಲ್ಲಿ ಇಳಿಯಿತು. ಅಲ್ಲಿಂದ ದೆಹಲಿಗೆ. ಎರಡು ವರ್ಷದ ನಂತರ ಬಹುಪಾಲು ಮಂದಿ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೊರಟುಹೋದರು. ಕೆಲವೇ ಮಂದಿ ಇಲ್ಲಿ ಉಳಿದು ಸಂಸಾರ ಮಾಡಿದರು. ಕೊರಿಯಾದ ಕಾದಂಬರಿಕಾರ ಚೋಯ್ ಇನ್ ಹುನ್ 1960ರಲ್ಲಿ ಬರೆದ, ಅಲ್ಲಿ ಇಂದಿಗೂ ಓದುವ ‘ಚೌಕ’ ಎಂಬ ಕಾದಂಬರಿಯ ನಾಯಕ ಇಂಥದೇ ಒಬ್ಬ ಕೈದಿ. ಎರಡೂ ಕೊರಿಯಾ ಬೇಡವೆಂದು ತಟಸ್ಥ ದೇಶಕ್ಕೆ ಹೊರಟವನು. ಅವನು ಹತ್ತಿದ ಹಡಗಿನ ಹೆಸರು ಟ್ಯಾಗೋರ್. ಅವನು ದಡ ಸೇರುವುದಿಲ್ಲ.

ತಿಮ್ಮಯ್ಯ ಆಮೇಲೆ ಭೂಸೇನೆಯ ಮುಖ್ಯಸ್ಥರಾದರು. ಕೊರಿಯಾದಲ್ಲಿ ಒಂದೇ ಕೆಲಸದ ಎರಡು ತುದಿ ಹಿಡಿದಿದ್ದ ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ ಇಬ್ಬರ ನಡುವೆ ಸರಿಬರದೆ 1959ರಲ್ಲಿ ರಾಜೀನಾಮೆ ಕೊಟ್ಟು ಹಿಂತೆಗೆದುಕೊಂಡದ್ದು ಬೇರೆಯೇ ಕತೆ. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕನಾಗಿದ್ದಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ದೆಹಲಿ ಕಂಟೋನ್ಮೆಂಟಿನಲ್ಲಿ ಭಾರತ ಮತ್ತು ದಕ್ಷಿಣ ಕೊರಿಯಾದ ರಕ್ಷಣಾ ಸಚಿವರು ಸೇರಿ ಉದ್ಘಾಟಿಸಿದ ಸ್ನೇಹ ಉದ್ಯಾನದಲ್ಲೂ ಅವರ ಪ್ರತಿಮೆ ಇದೆ. ಒಂದು ಕಾಲಕ್ಕೆ ಭಾರತದ ಸೈನಿಕರಿಗೆ ಕಾಲಿಡಲು ಬಿಡದಿದ್ದ ದೇಶ ಅದು.

ಬೆನಗಲ್ ನರಸಿಂಗ ರಾವ್ ಕದನವಿರಾಮದ ಸುದ್ದಿ ಕೇಳಿದರು, ಅದರ ಮುಂದಿನದನ್ನು ನೋಡಲು ಇರಲಿಲ್ಲ. ತಿಮ್ಮಯ್ಯನವರು ಪಾನ್‌ಮುಂಜೋಮ್‌ನಲ್ಲಿ ಕೈದಿಗಳ ತಕರಾರು ಬಿಡಿಸುತ್ತಿದ್ದಾಗಲೇ, 1953ರ ನವೆಂಬರ್ 30ರಂದು, ಅವರು ಜೂರಿಕ್‌ನಲ್ಲಿ ಕೊನೆಯುಸಿರೆಳೆದರು. 1988ರಲ್ಲಿ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಒಂದು ಅಂಚೆಚೀಟಿ ತಂದಿತು. ಕೊರಿಯಾದ ಎರಡು ಭಾಗಗಳ ನಡುವೆ 1953ರ ಆ ಕದನವಿರಾಮ ಪತ್ರವೇ ಇಂದಿಗೂ ನಡೆಯುತ್ತಿದೆ. ಶಾಂತಿ ಒಪ್ಪಂದಕ್ಕೆ ಯಾರೂ ಸಹಿ ಹಾಕಿಲ್ಲ.